ಯಕೃತ್ತು ಕಸಿಯ ನಂತರ ಪಿತ್ತನಾಳದಲ್ಲಿ ಕಲ್ಲು: ಹೊಟ್ಟೆ ಕೊಯ್ಯದೆ ತೆಗೆಯುವ ಬಗೆ

ಶಿರಸಿ: ಯಕೃತ್ತು ಕಸಿ ಮಾಡಿಸಿಕೊಂಡು ಬೆಂಗಳೂರಿನಿಂದಲೋ ಚೆನ್ನೈಯಿಂದಲೋ ಊರಿಗೆ ಮರಳಿದವರ ಮನೆಮಂದಿ ಹೆದರುವುದು ಒಂದೇ ಮಾತಿಗೆ: ಹೊಸ ಅಂಗವನ್ನು ದೇಹ ತಿರಸ್ಕರಿಸೀತೇ ಎಂದು. ಆದರೆ ಕಸಿಯಾದ ಒಂದೆರಡು ವರ್ಷಗಳ ಬಳಿಕ ಮತ್ತೆ ಕಾಮಾಲೆ ಕಾಣಿಸಿಕೊಂಡರೆ ಅದಕ್ಕೆ ತಿರಸ್ಕಾರವೇ ಕಾರಣವಾಗಿರಬೇಕೆಂದಿಲ್ಲ. ಯಕೃತ್ತು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದು, ಅದರಿಂದ ಪಿತ್ತರಸ ಹರಿದು ಬರುವ ನಾಳದಲ್ಲಿ ಕಲ್ಲು ಕಟ್ಟಿಕೊಂಡಿರುವುದೂ ಉಂಟು. ಈ ಕಲ್ಲನ್ನು ಇಂದು ಬಹುಪಾಲು ಸಂದರ್ಭಗಳಲ್ಲಿ ಹೊಟ್ಟೆ ಕೊಯ್ಯದೆಯೇ ತೆಗೆಯಬಹುದು. ತಡವಾದರೆ ಮಾತ್ರ ಅದೇ ಕಲ್ಲು ಕಸಿಯಾದ ಅಂಗವನ್ನೂ ರೋಗಿಯ ಪ್ರಾಣವನ್ನೂ ಅಪಾಯಕ್ಕೆ ಒಡ್ಡುತ್ತದೆ.

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಿಗೆ ಈ ವಿಷಯ ಎರಡು ಕಾರಣಗಳಿಂದ ಮುಖ್ಯವಾಗುತ್ತದೆ. ಮೊದಲನೆಯದು ದೂರ. ಕಸಿ ನಡೆದ ಆಸ್ಪತ್ರೆ ಬೆಂಗಳೂರಿನಲ್ಲಿದ್ದರೆ ಶಿರಸಿಯಿಂದ ಅಲ್ಲಿಗೆ ಸುಮಾರು 400 ಕಿ.ಮೀ. ಎರಡನೆಯದು ಈ ಸೀಮೆಯ ಜ್ವರಗಳು. ಮಂಗನ ಕಾಯಿಲೆ, ಇಲಿಜ್ವರ, ಡೆಂಗಿ ಇವೆಲ್ಲ ಸುಳಿದಾಡುವ ಮಲೆನಾಡಿನಲ್ಲಿ ಚಳಿಜ್ವರ ಬಂದರೆ ಪಿತ್ತನಾಳದ ನೆನಪು ಯಾರಿಗೂ ಮೊದಲು ಬರುವುದಿಲ್ಲ.

ಜೋಡಣೆಯ ಜಾಗ

ಲಿವರ್ ಎಂದೇ ರೂಢಿಯಲ್ಲಿರುವ ಯಕೃತ್ತು ದಿನಕ್ಕೆ ಮುಕ್ಕಾಲು ಲೀಟರಿನಷ್ಟು, ಕೆಲವರಲ್ಲಿ ಒಂದು ಲೀಟರಿನವರೆಗೂ ಪಿತ್ತರಸವನ್ನು ಸ್ರವಿಸುತ್ತದೆ. ಸಣ್ಣ ಸಣ್ಣ ನಾಳಗಳು ಕೂಡಿ, ಕಡೆಗೆ ಒಂದೇ ಮುಖ್ಯ ನಾಳವಾಗಿ, ಸಣ್ಣ ಕರುಳಿನ ಮೊದಲ ಭಾಗಕ್ಕೆ ತೆರೆದುಕೊಳ್ಳುತ್ತವೆ. ತೋಟದ ಕಾಲುವೆಗಳೆಲ್ಲ ಸೇರಿ ಹಳ್ಳಕ್ಕೆ ಬೀಳುವ ಕ್ರಮವನ್ನು ಬಲ್ಲವರಿಗೆ ಈ ವ್ಯವಸ್ಥೆ ಅರ್ಥವಾಗುವುದು ಕಷ್ಟವಲ್ಲ. ಪಕ್ಕದಲ್ಲಿರುವ ಪಿತ್ತಕೋಶ ಊಟದ ಹೊತ್ತಿಗೆಂದು ಈ ರಸವನ್ನು ಕೂಡಿಟ್ಟುಕೊಳ್ಳುತ್ತದೆ. ಸಾಮಾನ್ಯರಲ್ಲಿ ಕಲ್ಲು ಹುಟ್ಟುವುದು ಹೆಚ್ಚಾಗಿ ಈ ಕೋಶದಲ್ಲಿ.

ಕಸಿ ಶಸ್ತ್ರಚಿಕಿತ್ಸೆಯಲ್ಲಿ ರೋಗಿಯ ಹಳೆಯ ಯಕೃತ್ತಿನೊಂದಿಗೆ ಪಿತ್ತಕೋಶವೂ ಹೋಗುತ್ತದೆ. ದಾನಿಯ ಯಕೃತ್ತಿಗೆ ಅಂಟಿದ ಕೋಶವನ್ನೂ ತೆಗೆದುಬಿಡುತ್ತಾರೆ. ಕೋಶವೇ ಇಲ್ಲದ ಮೇಲೆ ಕಲ್ಲೆಲ್ಲಿಂದ ಬಂತು ಎಂದು ರೋಗಿಗಳು ಅಚ್ಚರಿಪಡುವುದು ಸಹಜ. ಇಲ್ಲಿ ಕಲ್ಲು ಹುಟ್ಟುವುದು ನಾಳದಲ್ಲೇ. ಅದೂ ಬಹುಮಟ್ಟಿಗೆ ದಾನಿಯ ನಾಳವನ್ನೂ ರೋಗಿಯ ನಾಳವನ್ನೂ ಹೊಲಿದು ಕೂಡಿಸಿದ ಜಾಗದ ಮೇಲ್ಭಾಗದಲ್ಲಿ.

ಈ ಜೋಡಣೆ ಕಸಿ ತಜ್ಞರನ್ನು ಮೊದಲಿನಿಂದಲೂ ಕಾಡಿದೆ. ಅಮೆರಿಕದ ಥಾಮಸ್ ಸ್ಟಾರ್ಜ್ಲ್ 1963ರಲ್ಲಿ ಮನುಷ್ಯರಲ್ಲಿ ಮೊದಲ ಯಕೃತ್ತು ಕಸಿಗೆ ಕೈಹಾಕಿದರು. ರೋಗಿ ದೀರ್ಘಕಾಲ ಬದುಕುಳಿದ ಮೊದಲ ಕಸಿಗೆ 1967ರವರೆಗೆ ಕಾಯಬೇಕಾಯಿತು. ಬ್ರಿಟನ್ನಿನ ರಾಯ್ ಕಾಲ್ನ್ 1970ರ ದಶಕದಲ್ಲಿಯೇ ಪಿತ್ತನಾಳದ ಜೋಡಣೆಯನ್ನು ಇಡೀ ಶಸ್ತ್ರಚಿಕಿತ್ಸೆಯ ಅತಿ ದುರ್ಬಲ ಭಾಗವೆಂದು ಗುರುತಿಸಿದ್ದರು. ರಕ್ತನಾಳ ಹೊಲಿಯುವ ಕಲೆ, ತಿರಸ್ಕಾರ ತಡೆಯುವ ಔಷಧ, ಅಂಗವನ್ನು ತಂಪಾಗಿಡುವ ದ್ರಾವಣ ಎಲ್ಲವೂ ಸುಧಾರಿಸಿದ ಮೇಲೂ ಆ ಮಾತು ಪೂರ್ತಿ ಹಳತಾಗಿಲ್ಲ.

ಕಾರಣ ರಕ್ತ ಸಂಚಾರದಲ್ಲಿದೆ. ಯಕೃತ್ತಿನ ಜೀವಕೋಶಗಳಿಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ಒಂದು ಅಪಧಮನಿ, ಇನ್ನೊಂದು ಕರುಳಿನಿಂದ ರಕ್ತ ತರುವ ಪೋರ್ಟಲ್ ಅಭಿಧಮನಿ. ಒಂದು ಸೊರಗಿದರೆ ಇನ್ನೊಂದು ಕೊಂಚ ಕಾಲ ಕಾಪಾಡುತ್ತದೆ. ಪಿತ್ತನಾಳಕ್ಕಾದರೋ ಅಪಧಮನಿಯೊಂದೇ ಗತಿ. ಕಸಿಯಾದಾಗ ಆ ಅಪಧಮನಿಯಲ್ಲಿ ರಕ್ತದ ಹರಿವು ತಗ್ಗಿದರೆ, ಅಥವಾ ಅದು ಹೆಪ್ಪುಗಟ್ಟಿದರೆ, ಮೊದಲು ಒಣಗುವುದು ನಾಳದ ಒಳಪದರ. ಗಾಯ ಮಾಗುವಾಗ ಜಾಗ ಕಿರಿದಾಗುತ್ತದೆ, ಕಿರಿದಾದ ಕಡೆ ಪಿತ್ತರಸ ನಿಲ್ಲುತ್ತದೆ, ನಿಂತ ರಸದಲ್ಲಿ ಕೆಸರು ಕೂಡುತ್ತದೆ.

ಭಾರತದ ರೋಗಿಗಳಲ್ಲಿ ಈ ತೊಂದರೆಗೆ ಇನ್ನೊಂದು ಆಯಾಮವಿದೆ. ದೇಶದಲ್ಲಿ ಮೊದಲ ಯಶಸ್ವಿ ಯಕೃತ್ತು ಕಸಿ 1998ರಲ್ಲಿ ದೆಹಲಿಯ ಇಂದ್ರಪ್ರಸ್ಥ ಅಪೋಲೊ ಆಸ್ಪತ್ರೆಯಲ್ಲಿ ನಡೆಯಿತು. 20 ತಿಂಗಳ ಮಗುವಿಗೆ ತಂದೆಯ ಯಕೃತ್ತಿನ ಭಾಗವನ್ನು ಜೋಡಿಸಲಾಗಿತ್ತು. 2023ರ ಒಂದೇ ವರ್ಷದಲ್ಲಿ ದೇಶದಲ್ಲಿ 4,491 ಯಕೃತ್ತು ಕಸಿಗಳು ನಡೆದವು. ಇವುಗಳಲ್ಲಿ ಬಹುಪಾಲು, ಆ ಮೊದಲ ಕಸಿಯಂತೆಯೇ, ಜೀವಂತ ದಾನಿಗಳಿಂದ ಬಂದವು. ಹೆಂಡತಿ, ಮಗ, ಅಣ್ಣ, ತಂಗಿ ಹೀಗೆ ಹತ್ತಿರದವರು ತಮ್ಮ ಯಕೃತ್ತಿನ ಬಲಭಾಗವನ್ನು ಕೊಡುತ್ತಾರೆ. ಮುಖ್ಯ ನಾಳ ದಾನಿಯಲ್ಲೇ ಉಳಿಯಬೇಕಾದ್ದರಿಂದ ರೋಗಿಗೆ ಸಿಗುವುದು ಕವಲುನಾಳ ಮಾತ್ರ. ಅದರ ಅಗಲ ಕೆಲವೇ ಮಿಲಿಮೀಟರು; ಕೆಲವೊಮ್ಮೆ ಒಂದರ ಬದಲು ಎರಡು ನಾಳಗಳನ್ನು ಬೇರೆ ಬೇರೆಯಾಗಿ ಹೊಲಿಯಬೇಕಾಗುತ್ತದೆ. ಹೀಗಾಗಿ ಮೃತ ದಾನಿಯಿಂದ ಇಡೀ ಯಕೃತ್ತು ಪಡೆದವರಿಗಿಂತ ಜೀವಂತ ದಾನಿಯಿಂದ ಭಾಗ ಪಡೆದವರಲ್ಲಿ ನಾಳದ ತೊಂದರೆ ಹೆಚ್ಚು.

ಕೆಸರು, ಕಲ್ಲು, ಎರಕ

ಕಸಿಯ ನಂತರ ನಾಳದಲ್ಲಿ ಸಿಗುವುದೆಲ್ಲ ಕಲ್ಲೇ ಅಲ್ಲ. ಮೊದಲ ತಿಂಗಳುಗಳಲ್ಲಿ ಕಾಣುವುದು ಹೆಚ್ಚಾಗಿ ಮಂದವಾದ ಕೆಸರು. ಒಳಪದರ ಕಳಚಿ ಬಂದು ಪಿತ್ತರಸದೊಂದಿಗೆ ಬೆರೆತು ಗಟ್ಟಿಯಾದರೆ ನಾಳದ ಆಕಾರವನ್ನೇ ತಳೆದ ಎರಕದಂಥ ವಸ್ತು ಉಂಟಾಗುತ್ತದೆ. ಕವಲು ಕವಲಾಗಿ, ಮರದ ಬೇರಿನಂತೆ ಹೊರಬರುವ ಇದನ್ನು ತೆಗೆಯುವುದು ಕಲ್ಲಿಗಿಂತ ಕಷ್ಟ. ನಿಜವಾದ ಕಲ್ಲುಗಳು ಸಾಮಾನ್ಯವಾಗಿ ತಡವಾಗಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕಾಣಿಸಿಕೊಳ್ಳುತ್ತವೆ. ಇವೆಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದರೆ, ವಿವಿಧ ಕೇಂದ್ರಗಳ ವರದಿಗಳ ಪ್ರಕಾರ ಕಸಿಯಾದ ನೂರು ಜನರಲ್ಲಿ ಸುಮಾರು 3ರಿಂದ 12 ಮಂದಿಗೆ ಈ ತೊಂದರೆ ಬರುತ್ತದೆ.

ನಾಳ ಕಿರಿದಾಗಿರುವುದು ಕಲ್ಲಿಗೆ ಮುಖ್ಯ ಕಾರಣ. ಕರುಳಿನಿಂದ ಮೇಲೇರುವ ರೋಗಾಣುಗಳು, ಕಸಿಗೆ ಮುನ್ನ ಅಂಗ ರಕ್ತವಿಲ್ಲದೆ ಹೆಚ್ಚು ಹೊತ್ತು ಕಳೆದಿರುವುದು, ನಾಳದಲ್ಲಿ ಉಳಿದುಹೋದ ಹೊಲಿಗೆ ದಾರ ಅಥವಾ ಹಳೆಯ ಸ್ಟೆಂಟ್ ಕೂಡ ಕಾರಣವಾಗಬಲ್ಲವು. ಹಿಂದೆ ಹೆಚ್ಚು ಬಳಕೆಯಲ್ಲಿದ್ದ ಸೈಕ್ಲೊಸ್ಪೊರಿನ್ ಎಂಬ ಔಷಧ ಪಿತ್ತರಸದ ಹರಿವನ್ನೇ ಕುಗ್ಗಿಸುತ್ತದೆ. ಆಹಾರದ ಪಾತ್ರ ಇಲ್ಲಿ ಚಿಕ್ಕದು. ಟೊಮೆಟೊ ಬೀಜ ತಿಂದದ್ದರಿಂದ, ಗಟ್ಟಿ ನೀರು ಕುಡಿದದ್ದರಿಂದ ಕಲ್ಲಾಯಿತು ಎಂಬ ಮಾತುಗಳಿಗೆ ಆಧಾರವಿಲ್ಲ. ಮನೆಯ ಅಡುಗೆಯನ್ನು ದೂರಿ ಪ್ರಯೋಜನವಿಲ್ಲ.

ನೋವು ಹೇಳದ ಅಂಗ

ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡ ಸಾಮಾನ್ಯ ರೋಗಿ ಬಲಪಕ್ಕೆ ಹಿಡಿದುಕೊಂಡು ಹೊರಳಾಡುತ್ತಾನೆ. ಕಸಿಯಾದವರಲ್ಲಿ ಈ ನೋವು ಇಲ್ಲದಿರಬಹುದು. ದಾನಿಯಿಂದ ಯಕೃತ್ತನ್ನು ಬೇರ್ಪಡಿಸುವಾಗ ಅದರ ನರಗಳು ತುಂಡಾಗಿರುತ್ತವೆ; ರಕ್ತನಾಳ, ಪಿತ್ತನಾಳಗಳನ್ನು ಹೊಲಿಯುವಂತೆ ನರಗಳನ್ನು ಹೊಲಿಯುವುದಿಲ್ಲ. ಜೊತೆಗೆ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳು ಉರಿಯೂತದ ಲಕ್ಷಣಗಳನ್ನೂ ಅಡಗಿಸುತ್ತವೆ. ಆದ್ದರಿಂದ ಹೊಟ್ಟೆನೋವು ಇಲ್ಲ ಎಂಬುದನ್ನು ಸಮಾಧಾನಕ್ಕೆ ಕಾರಣವಾಗಿ ತೆಗೆದುಕೊಳ್ಳಬಾರದು. ಈ ಇಡೀ ವಿಷಯದಲ್ಲಿ ಮನೆಯವರು ನೆನಪಿಡಬೇಕಾದ ಸಂಗತಿ ಒಂದೇ ಇದ್ದರೆ ಅದು ಇದೇ.

ಬದಲಿಗೆ ಗಮನಿಸಬೇಕಾದದ್ದು ಸಣ್ಣ ಬದಲಾವಣೆಗಳು. ಮೈಯೆಲ್ಲ ತುರಿಕೆ, ಅದರಲ್ಲೂ ರಾತ್ರಿ ಅಂಗೈ ಅಂಗಾಲಿನಲ್ಲಿ. ಚಹದ ಕಷಾಯದ ಬಣ್ಣದ ಮೂತ್ರ. ಬಿಳಿಚಿದ, ಮಣ್ಣಿನ ಬಣ್ಣದ ಮಲ. ಕಣ್ಣಿನಲ್ಲಿ ಹಳದಿ. ನಡುಕದೊಂದಿಗೆ ಬಂದು ಬೆವರಿ ಇಳಿಯುವ ಜ್ವರ. ಅನೇಕರಲ್ಲಿ ಇದ್ಯಾವುದೂ ಇರದೆ, ತಿಂಗಳ ರಕ್ತ ಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಮತ್ತು ಜಿಜಿಟಿ ಎಂಬ ಎರಡು ಅಂಶಗಳು ಏರಿರುವುದಷ್ಟೇ ಮೊದಲ ಸೂಚನೆಯಾಗಿರುತ್ತದೆ. ಶಿರಸಿ ಪೇಟೆಯ ಪ್ರಯೋಗಾಲಯದಲ್ಲಿ ಮಾಡಿಸಿದ ವರದಿಯನ್ನು ಕಸಿ ಘಟಕಕ್ಕೆ ಅಂದೇ ಕಳುಹಿಸುವ ಅಭ್ಯಾಸವಿದ್ದವರಿಗೆ ಈ ಸೂಚನೆ ತಪ್ಪಿಹೋಗುವುದಿಲ್ಲ.

ಮುಂದಿನ ಹೆಜ್ಜೆ ಅಲ್ಟ್ರಾಸೌಂಡ್. ಆದರೆ ಕಸಿಯಾದ ಯಕೃತ್ತಿನ ನಾಳಗಳು ತಡೆಯಿದ್ದರೂ ಅಷ್ಟಾಗಿ ಹಿಗ್ಗದಿರಬಹುದು. ಅಲ್ಟ್ರಾಸೌಂಡಿನಲ್ಲಿ ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ಕಲ್ಲಿಲ್ಲ ಎನ್ನುವಂತಿಲ್ಲ. ಅದರೊಂದಿಗೆ ಡಾಪ್ಲರ್ ಪರೀಕ್ಷೆ ಮಾಡಿ ಅಪಧಮನಿಯ ರಕ್ತದ ಹರಿವನ್ನು ನೋಡುವುದು ಅಗತ್ಯ. ನಾಳದ ಪೂರ್ಣ ಚಿತ್ರ ಸಿಗುವುದು ಎಂಆರ್‌ಸಿಪಿ ಎಂಬ ವಿಶೇಷ ಎಂಆರ್‌ಐ ಪರೀಕ್ಷೆಯಲ್ಲಿ; ಎಲ್ಲಿ ಕಿರಿದಾಗಿದೆ, ಕಲ್ಲು ಎಷ್ಟಿವೆ, ಜೋಡಣೆ ಯಾವ ಬಗೆಯದು ಎಂಬುದೆಲ್ಲ ಇದರಲ್ಲಿ ತಿಳಿಯುತ್ತದೆ. ತಿರಸ್ಕಾರದ ಅನುಮಾನವೂ ಇದ್ದರೆ ಸೂಜಿಯಿಂದ ಯಕೃತ್ತಿನ ಚೂರು ತೆಗೆದು ಪರೀಕ್ಷಿಸುತ್ತಾರೆ. ತಿರಸ್ಕಾರವೆಂದು ಊಹಿಸಿ ಸ್ಟೀರಾಯ್ಡ್ ಹೆಚ್ಚಿಸಿದರೆ, ನಾಳದಲ್ಲಿ ಸೋಂಕಿರುವ ರೋಗಿಯ ಸ್ಥಿತಿ ಬಿಗಡಾಯಿಸುತ್ತದೆ.

ಕಾಡಿನ ಜ್ವರಗಳ ನಡುವೆ

ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸೊರಬಕ್ಕೂ ಸಾಗರಕ್ಕೂ ಅಂಟಿಕೊಂಡಿರುವ ಸಿದ್ದಾಪುರ ತಾಲ್ಲೂಕಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಈ ಕಾಯಿಲೆ ಮತ್ತೆ ಮತ್ತೆ ಕಾಣಿಸಿಕೊಂಡಿದೆ; 2024ರ ಆರಂಭದ ತಿಂಗಳುಗಳಲ್ಲಿ ಅಲ್ಲಿ ಪ್ರಕರಣಗಳು ಹೆಚ್ಚಿದ್ದವು. ಉಣ್ಣೆಹುಳು ಕಚ್ಚಿ ಹರಡುವ ಈ ಜ್ವರ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಬರುತ್ತದೆ. ಮಳೆಗಾಲದಲ್ಲಿ ಗದ್ದೆ, ತೋಟಗಳ ಕೆಸರಿನಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರದ ಭಯ. ಅಂದರೆ ವರ್ಷದ ಯಾವ ತಿಂಗಳಲ್ಲಿ ಜ್ವರ ಬಂದರೂ ಅದಕ್ಕೊಂದು ಸ್ಥಳೀಯ ಹೆಸರು ಸಿದ್ಧವಾಗಿರುತ್ತದೆ.

ಇಲಿಜ್ವರದಲ್ಲಿಯೂ ಕಣ್ಣು ಹಳದಿಯಾಗುವುದು ಗೊಂದಲವನ್ನು ಹೆಚ್ಚಿಸುತ್ತದೆ. ಮೀನಖಂಡದ ತೀವ್ರ ನೋವು, ಕಣ್ಣು ಕೆಂಪಾಗುವುದು ಇಲಿಜ್ವರದ ಕಡೆಗೆ ಬೆರಳು ತೋರಿಸಿದರೆ, ವಿಪರೀತ ತಲೆನೋವು, ಮೈಕೈ ನೋವು, ಬಿಳಿರಕ್ತಕಣ ಮತ್ತು ಪ್ಲೇಟ್‌ಲೆಟ್ ಕುಸಿತ ಮಂಗನ ಕಾಯಿಲೆಯ ಕಡೆಗೆ. ಪಿತ್ತನಾಳದ ಸೋಂಕಿನಲ್ಲಿ ನಡುಕ, ಜ್ವರ, ಗಾಢ ಬಣ್ಣದ ಮೂತ್ರ ಮುಂದಿದ್ದು, ರಕ್ತ ಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎದ್ದು ಕಾಣುತ್ತದೆ. ಆದರೂ ಮಂಚದ ಪಕ್ಕದಲ್ಲಿ ನಿಂತು ಇವನ್ನು ಬೇರ್ಪಡಿಸುವುದು ಅನುಭವಿ ವೈದ್ಯರಿಗೂ ಸುಲಭವಲ್ಲ. ಕಸಿಯಾದವರಲ್ಲಿ ಒಂದರ ಪರೀಕ್ಷೆಗೆ ಕಾಯುತ್ತ ಇನ್ನೊಂದನ್ನು ಕೈಬಿಡುವಂತಿಲ್ಲ. ಮಂಗನ ಕಾಯಿಲೆಯ ವರದಿ ಬರುವವರೆಗೆ ಎರಡು ಮೂರು ದಿನ ಕಾದರೆ, ಕಲ್ಲಿನ ಹಿಂದೆ ಕೀವುಗಟ್ಟಿದ ಪಿತ್ತರಸ ಅಷ್ಟರಲ್ಲಿ ರಕ್ತಕ್ಕೆ ಸೇರಿರಬಹುದು.

ಇನ್ನು ಕಾಮಾಲೆಗೆ ಮದ್ದು. ನೆಲನೆಲ್ಲಿಯನ್ನು ಮಜ್ಜಿಗೆಯಲ್ಲಿ ಅರೆದು ಕುಡಿಸುವುದು, ನಾಟಿ ವೈದ್ಯರಲ್ಲಿ ಔಷಧ ತರುವುದು ಈ ಭಾಗದ ಬಹುತೇಕ ಮನೆಗಳ ರೂಢಿ. ವೈರಸ್ಸಿನಿಂದ ಬರುವ ಕಾಮಾಲೆ ಬಹಳಷ್ಟು ಜನರಲ್ಲಿ ತಾನಾಗಿಯೇ ಇಳಿಯುವುದರಿಂದ ಆ ಮದ್ದಿನ ಮೇಲೆ ನಂಬಿಕೆ ಬೆಳೆದಿದೆ. ನಾಳಕ್ಕೆ ಅಡ್ಡ ಕುಳಿತ ಕಲ್ಲು ಯಾವ ಸೊಪ್ಪಿನ ರಸಕ್ಕೂ ಜಗ್ಗುವುದಿಲ್ಲ. ಅಮೃತಬಳ್ಳಿಯ ವಿಷಯವಂತೂ ಇನ್ನೂ ಸೂಕ್ಷ್ಮ. ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದುದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದಾಗ ಆಯುಷ್ ಸಚಿವಾಲಯ ಆಕ್ಷೇಪ ವ್ಯಕ್ತಪಡಿಸಿತ್ತು. ಸಾಮಾನ್ಯರ ಮಟ್ಟಿಗೆ ಆ ವಾದ ಹೇಗಾದರೂ ಇರಲಿ. ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸಿಕೊಂಡು ಬದುಕುತ್ತಿರುವವರು, ಅದನ್ನು ಹೆಚ್ಚಿಸುತ್ತದೆಂದು ಹೊಗಳಿಸಿಕೊಳ್ಳುವ ಯಾವುದನ್ನೂ ತೆಗೆದುಕೊಳ್ಳಬಾರದು. ಹಿತ್ತಿಲಿನ ಚಕ್ಕೋತ ಹಣ್ಣು ಕೂಡ ನಿಷಿದ್ಧ. ಗ್ರೇಪ್‌ಫ್ರೂಟ್ ಜಾತಿಗೆ ಹತ್ತಿರದ ಈ ಹಣ್ಣು ಟ್ಯಾಕ್ರೊಲಿಮಸ್ ಔಷಧದ ಪ್ರಮಾಣವನ್ನು ರಕ್ತದಲ್ಲಿ ಏರಿಸಬಲ್ಲದು.

ಬಾಯಿಯ ಮೂಲಕ ಹೋಗುವ ದಾರಿ

ಕಲ್ಲು ತೆಗೆಯಲು ವೈದ್ಯರು ಮೊದಲು ಆಯ್ದುಕೊಳ್ಳುವುದು ಇಆರ್‌ಸಿಪಿ ಎಂಬ ಎಂಡೋಸ್ಕೋಪಿ ವಿಧಾನವನ್ನು. ಪಿತ್ತನಾಳದ ಬಾಯಿಗೆ ಒಳಗಿನಿಂದಲೇ ನಳಿಕೆ ತೂರಿಸಬಹುದೆಂದು ಅಮೆರಿಕದ ಶಸ್ತ್ರಚಿಕಿತ್ಸಕ ವಿಲಿಯಂ ಮೆಕ್ಯೂನ್ ಮತ್ತು ಸಂಗಡಿಗರು 1968ರಲ್ಲಿ ತೋರಿಸಿಕೊಟ್ಟರು. ಆಗ ಅದು ರೋಗ ಪತ್ತೆಗಷ್ಟೇ ಸೀಮಿತವಾಗಿತ್ತು. 1974ರಲ್ಲಿ ಜರ್ಮನಿಯಲ್ಲಿಯೂ ಜಪಾನಿನಲ್ಲಿಯೂ ವೈದ್ಯರು ನಾಳದ ಬಾಯಿಯನ್ನು ತಂತಿಯಿಂದ ಕೊಯ್ದು ಅಗಲಿಸಿ ಕಲ್ಲು ತೆಗೆಯಲು ತೊಡಗಿದ ಮೇಲೆ ಅದೊಂದು ಚಿಕಿತ್ಸೆಯಾಯಿತು. ಭಾರತದಲ್ಲಿ ಈ ವಿದ್ಯೆಯನ್ನು ಬೆಳೆಸಿ, ನೂರಾರು ವೈದ್ಯರಿಗೆ ಕಲಿಸಿದವರಲ್ಲಿ ಹೈದರಾಬಾದಿನ ಡಾ. ಡಿ. ನಾಗೇಶ್ವರ ರೆಡ್ಡಿ ಪ್ರಮುಖರು. ಅವರಿಗೆ 2025ರಲ್ಲಿ ಪದ್ಮವಿಭೂಷಣ ಸಂದಿದೆ.

ರೋಗಿ ಆರೆಂಟು ತಾಸು ಉಪವಾಸವಿರಬೇಕು. ಮಂಪರು ಬರಿಸಿ ಅಥವಾ ಪೂರ್ತಿ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕ ಪಕ್ಕಕ್ಕೆ ನೋಡುವ ಕ್ಯಾಮೆರಾ ಇರುವ ಕೊಳವೆಯನ್ನು ಜಠರ ದಾಟಿಸಿ ಸಣ್ಣ ಕರುಳಿಗೆ ಇಳಿಸುತ್ತಾರೆ. ಪಿತ್ತನಾಳ ತೆರೆದುಕೊಳ್ಳುವ ಪುಟ್ಟ ಮೊಲೆತೊಟ್ಟಿನಂಥ ಜಾಗವನ್ನು ಹುಡುಕಿ, ಅದರೊಳಗೆ ತೆಳು ತಂತಿ ತೂರಿಸಿ, ಬಣ್ಣದ ದ್ರಾವಣ ಹಾಯಿಸಿ ಎಕ್ಸ್‌-ರೇ ಪರದೆಯಲ್ಲಿ ನಾಳದ ನಕ್ಷೆ ನೋಡುತ್ತಾರೆ. ಸಾಮಾನ್ಯ ರೋಗಿಯಲ್ಲಾದರೆ ನಾಳದ ಬಾಯಿ ಕೊಯ್ದು, ಬಲೂನಿನಿಂದಲೋ ತಂತಿ ಬುಟ್ಟಿಯಿಂದಲೋ ಕಲ್ಲನ್ನು ಎಳೆದು ಕರುಳಿಗೆ ಬೀಳಿಸಿದರೆ ಕೆಲಸ ಮುಗಿಯಿತು. ಅದು ಮಲದೊಂದಿಗೆ ಹೊರಹೋಗುತ್ತದೆ.

ಕಸಿಯಾದವರಲ್ಲಿ ಕಲ್ಲು ಕಿರಿದಾದ ಜೋಡಣೆಯ ಮೇಲುಗಡೆ ಕುಳಿತಿರುತ್ತದೆ. ಬಾಟಲಿಯ ಕತ್ತಿಗಿಂತ ದೊಡ್ಡ ಗೋಲಿಯನ್ನು ಹೊರತೆಗೆಯಬೇಕಾದ ಪರಿಸ್ಥಿತಿ ಇದು. ಮೊದಲು ಕಿರಿದಾದ ಜಾಗವನ್ನು ಬಲೂನಿನಿಂದ ಹಿಗ್ಗಿಸಬೇಕು. ಕಸಿಯಾದ ಮೊದಲ ಕೆಲವು ವಾರಗಳಲ್ಲಿ ಹೊಲಿಗೆ ಹಸಿಯಾಗಿರುವುದರಿಂದ ಹೀಗೆ ಹಿಗ್ಗಿಸಿದರೆ ಬಿಚ್ಚಿಕೊಳ್ಳುವ ಭಯವಿದೆ. ಆಗ ಬರೀ ಸ್ಟೆಂಟ್ ಇಟ್ಟು ಪಿತ್ತರಸಕ್ಕೆ ದಾರಿ ಮಾಡಿಕೊಟ್ಟು ಕಾಯುತ್ತಾರೆ. ಜೀವಂತ ದಾನಿಯ ಬಲಭಾಗದ ಯಕೃತ್ತು ಬೆಳೆಯುತ್ತಾ ಹೋದಂತೆ ನಾಳ ಬಾಗಿ ಮೂಲೆ ತಿರುಗುವುದರಿಂದ ತಂತಿಯನ್ನು ದಾಟಿಸುವುದೇ ಗಂಟೆಗಟ್ಟಲೆ ಹಿಡಿಯುವ ಕೆಲಸವಾಗಬಹುದು. ಒಂದೇ ಸಲಕ್ಕೆ ಮುಗಿಯದೆ ಎರಡು ಮೂರು ಸಲ ಹೋಗಬೇಕಾಗಿ ಬಂದರೆ ವೈದ್ಯರು ಸೋತರೆಂದು ತಿಳಿಯಬೇಕಿಲ್ಲ.

ದೊಡ್ಡ ಅಥವಾ ಗಟ್ಟಿ ಕಲ್ಲಿಗೆ ಕೊಲಾಂಜಿಯೋಸ್ಕೋಪಿ ಇದೆ. ದೊಡ್ಡ ಕೊಳವೆಯೊಳಗಿನಿಂದ ಸುಮಾರು ಮೂರೂವರೆ ಮಿಲಿಮೀಟರ್ ದಪ್ಪದ ಪುಟ್ಟ ಕ್ಯಾಮೆರಾ ಕೊಳವೆಯನ್ನು ನೇರವಾಗಿ ಪಿತ್ತನಾಳದೊಳಕ್ಕೆ ಕಳುಹಿಸಿ, ಕಲ್ಲನ್ನು ಕಣ್ಣಾರೆ ನೋಡುತ್ತ ಲೇಸರ್ ಅಥವಾ ವಿದ್ಯುತ್ ಕಿಡಿಯ ಆಘಾತದಿಂದ ಪುಡಿಮಾಡುವ ವಿಧಾನ. ಒಬ್ಬರೇ ವೈದ್ಯರು ನಿರ್ವಹಿಸಬಹುದಾದ ಈ ಬಗೆಯ ಉಪಕರಣ 2007ರ ಹೊತ್ತಿಗೆ ಮಾರುಕಟ್ಟೆಗೆ ಬಂತು. 2015ರಲ್ಲಿ ಅದರ ಡಿಜಿಟಲ್ ರೂಪ ಬಂದ ಮೇಲೆ ಚಿತ್ರ ಸ್ಪಷ್ಟವಾಯಿತು. ನಾಳದ ಒಳಪದರ ಸುಟ್ಟಂತಾಗಿದೆಯೇ, ಹಳೆಯ ಹೊಲಿಗೆ ದಾರ ಇಣುಕುತ್ತಿದೆಯೇ ಎಂಬುದೂ ಇದರಲ್ಲಿ ಕಾಣುತ್ತದೆ.

ಅಪಾಯ ಇಲ್ಲವೆಂದಲ್ಲ. ಇಆರ್‌ಸಿಪಿ ಮಾಡಿಸಿಕೊಂಡ ನೂರು ಜನರಲ್ಲಿ ಸುಮಾರು 3ರಿಂದ 10 ಮಂದಿಗೆ ಮೇದೋಜ್ಜೀರಕ ಗ್ರಂಥಿಯ ಉರಿಯೂತ ಬರುತ್ತದೆ. ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ಇಳಿಯುತ್ತದೆ, ಕೆಲವರಲ್ಲಿ ತೀವ್ರವಾಗುತ್ತದೆ. ಗುದದ್ವಾರದ ಮೂಲಕ ಇಂಡೊಮೆಥಾಸಿನ್ ಔಷಧ ಕೊಟ್ಟರೆ ಇದರ ಸಂಭವ ಕಡಿಮೆಯಾಗುವುದನ್ನು 2012ರ ದೊಡ್ಡ ಅಧ್ಯಯನವೊಂದು ತೋರಿಸಿತು. ಕಸಿಯಾದವರಲ್ಲಿ ಮೂತ್ರಪಿಂಡದ ಸ್ಥಿತಿ ನೋಡಿಯೇ ಇದನ್ನು ನಿರ್ಧರಿಸುತ್ತಾರೆ. ರಕ್ತಸ್ರಾವ, ಸೋಂಕು, ಅಪರೂಪಕ್ಕೆ ಕರುಳಿಗೆ ತೂತು ಇತರ ಅಪಾಯಗಳು. ಅಪಧಮನಿ ಹೆಪ್ಪುಗಟ್ಟದಿರಲೆಂದು ಅನೇಕರಿಗೆ ಆಸ್ಪಿರಿನ್ ಕೊಟ್ಟಿರುತ್ತಾರೆ. ಅದನ್ನು ತಾವಾಗಿ ನಿಲ್ಲಿಸದೆ, ವೈದ್ಯರಿಗೆ ತಿಳಿಸಿ ಅವರು ಹೇಳಿದಂತೆ ನಡೆಯಬೇಕು.

ಪಕ್ಕೆಲುಬಿನ ಸಂದಿನಿಂದ

ಎಲ್ಲರಿಗೂ ಬಾಯಿಯ ದಾರಿ ತೆರೆದಿರುವುದಿಲ್ಲ. ರೋಗಿಯ ಸ್ವಂತ ಪಿತ್ತನಾಳ ಕೆಟ್ಟಿದ್ದಾಗ ದಾನಿಯ ನಾಳವನ್ನು ನೇರವಾಗಿ ಕರುಳಿನ ಕುಣಿಕೆಯೊಂದಕ್ಕೆ ಹೊಲಿದಿರುತ್ತಾರೆ. ಹುಟ್ಟಿನಿಂದಲೇ ಪಿತ್ತನಾಳ ಮುಚ್ಚಿಹೋಗಿ ಕಸಿಗೆ ಒಳಗಾದ ಮಕ್ಕಳಲ್ಲಿ ಈ ಬಗೆಯ ಜೋಡಣೆಯೇ ನಿಯಮ. ಇಂಥವರಲ್ಲಿ ಮಾಮೂಲಿ ಎಂಡೋಸ್ಕೋಪ್ ಜೋಡಣೆಯ ಜಾಗವನ್ನು ಮುಟ್ಟುವುದಿಲ್ಲ. ಬಲೂನು ಕಟ್ಟಿದ ಉದ್ದನೆಯ ಎಂಟರೋಸ್ಕೋಪ್ ಬಳಸಿ ಕರುಳನ್ನು ಮಡಿಸಿಕೊಳ್ಳುತ್ತಾ ಅಲ್ಲಿಗೆ ತಲುಪುವವರಿದ್ದಾರೆ. ಆ ಕೌಶಲ ಕೆಲವೇ ಕೇಂದ್ರಗಳಲ್ಲಿದೆ.

ಇನ್ನೊಂದು ದಾರಿ ಇಂಟರ್ವೆನ್ಷನಲ್ ರೇಡಿಯಾಲಜಿ ತಜ್ಞರದು. ಬಲಪಕ್ಕೆಯ ಚರ್ಮಕ್ಕೆ ಮರಗಟ್ಟುವ ಮದ್ದು ಕೊಟ್ಟು, ಅಲ್ಟ್ರಾಸೌಂಡ್ ನೋಡುತ್ತಾ ತೆಳು ಸೂಜಿಯನ್ನು ಯಕೃತ್ತಿನೊಳಗಿನ ಪಿತ್ತನಾಳಕ್ಕೆ ತಲುಪಿಸುತ್ತಾರೆ. ಆ ದಾರಿಯಲ್ಲಿ ತಂತಿ, ತಂತಿಯ ಮೇಲೆ ಕೊಳವೆ. ಮೊದಲ ದಿನ ಪಿತ್ತರಸ ಹೊರಹರಿದು ಸೋಂಕು ಇಳಿದರೆ ಸಾಕು. ಜೀವ ಉಳಿಸುವುದು ಇದೇ ಹಂತ. ಮುಂದೆ ವಾರಗಳ ಅಂತರದಲ್ಲಿ ದಾರಿಯನ್ನು ಅಗಲಿಸಿ, ಕಿರಿದಾದ ಜಾಗವನ್ನು ಬಲೂನಿನಿಂದ ಹಿಗ್ಗಿಸಿ, ಕಲ್ಲನ್ನು ಕೆಳಕ್ಕೆ ಕರುಳಿನತ್ತ ತಳ್ಳುತ್ತಾರೆ ಅಥವಾ ಪುಡಿಮಾಡುತ್ತಾರೆ. ಈ ಅವಧಿಯಲ್ಲಿ ರೋಗಿ ಪಕ್ಕೆಯಲ್ಲಿ ಕೊಳವೆ, ಚೀಲ ಇಟ್ಟುಕೊಂಡೇ ಮನೆಯಲ್ಲಿರಬೇಕಾಗಬಹುದು. ಮಲೆನಾಡಿನ ಮಳೆಯಲ್ಲಿ ಬ್ಯಾಂಡೇಜು ಒಣಗಿರುವಂತೆ ನೋಡಿಕೊಳ್ಳುವುದು, ಕೊಳವೆ ಎಲ್ಲಿಗೂ ಸಿಕ್ಕಿ ಎಳೆಯದಂತೆ ಕಾಯುವುದು ಹೇಳಿದಷ್ಟು ಸುಲಭವಲ್ಲ. ದನದ ಕೊಟ್ಟಿಗೆ, ತೋಟದ ಕೆಲಸ ಅಲ್ಲಿಯವರೆಗೆ ದೂರ. ಚೀಲಕ್ಕೆ ಬರುವ ಪಿತ್ತರಸ ಹಠಾತ್ತಾಗಿ ನಿಂತರೆ ಗುಣವಾಯಿತೆಂದು ಭಾವಿಸದೆ ಕೊಳವೆ ಕಟ್ಟಿಕೊಂಡಿದೆಯೆಂದು ತಿಳಿಯಬೇಕು.

ಈ ಎರಡು ದಾರಿಗಳಲ್ಲಿ ಒಂದರಿಂದ, ಅಥವಾ ಎರಡನ್ನೂ ಕೂಡಿಸಿ, ಬಹುತೇಕ ರೋಗಿಗಳ ನಾಳ ಸ್ವಚ್ಛವಾಗುತ್ತದೆ. ಮತ್ತೆ ಹೊಟ್ಟೆ ತೆರೆದು ನಾಳವನ್ನು ಕರುಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆ ಇವು ಸೋತಾಗ ಮಾತ್ರ. ಅಪಧಮನಿಯೇ ಮುಚ್ಚಿಹೋಗಿ ಒಳಗಿನ ನಾಳಗಳೆಲ್ಲ ಹಾಳಾದವರಿಗೆ ಕಲ್ಲು ತೆಗೆಯುವುದು ತಾತ್ಕಾಲಿಕ ಪರಿಹಾರವಷ್ಟೇ. ಅವರಲ್ಲಿ ಕೆಲವರಿಗೆ ಎರಡನೆಯ ಕಸಿ ಬೇಕಾಗುತ್ತದೆ.

ಮರೆತ ಸ್ಟೆಂಟ್

ಕಲ್ಲು ತೆಗೆದ ಮೇಲೆ ಕಿರಿದಾದ ಜಾಗ ಮತ್ತೆ ಮುಚ್ಚದಿರಲೆಂದು ಪ್ಲಾಸ್ಟಿಕ್ ಸ್ಟೆಂಟುಗಳನ್ನು ಇಡುತ್ತಾರೆ. ಪ್ರತಿಯೊಂದೂ ಮೂರು ಮಿಲಿಮೀಟರ್ ಆಸುಪಾಸಿನ ದಪ್ಪದ ಕೊಳವೆ. ಸುಮಾರು ಮೂರು ತಿಂಗಳಿಗೊಮ್ಮೆ ಅವನ್ನು ತೆಗೆದು, ಸಾಧ್ಯವಾದಷ್ಟು ಸಂಖ್ಯೆ ಹೆಚ್ಚಿಸುತ್ತಾ, ಹೆಚ್ಚುಕಡಿಮೆ ಒಂದು ವರ್ಷ ಚಿಕಿತ್ಸೆ ಮುಂದುವರಿಯುತ್ತದೆ. ಕೆಲವರಿಗೆ ಹೊದಿಕೆಯುಳ್ಳ ಲೋಹದ ಸ್ಟೆಂಟ್ ಹೊಂದುತ್ತದೆ. ಬದಲಿಸುವ ಓಡಾಟ ಆಗ ಕಡಿಮೆ.

ತೊಂದರೆ ಬರುವುದು ಇಲ್ಲಿಯೇ. ಸ್ಟೆಂಟ್ ಇಟ್ಟ ಮರುವಾರ ತುರಿಕೆ ಹೋಗುತ್ತದೆ, ಕಣ್ಣು ತಿಳಿಯಾಗುತ್ತದೆ, ಊಟ ಸೇರುತ್ತದೆ. ಮುಂದಿನ ತಾರೀಕು ಅಡಿಕೆ ಕೊಯ್ಲಿನ ನಡುವೆ ಬಂತು, ಮನೆಯಲ್ಲಿ ಮದುವೆ ಬಂತು ಎಂದು ಮುಂದೂಡಿದರೆ ಸ್ಟೆಂಟಿನೊಳಗೇ ಕೆಸರು ಕಟ್ಟಿ, ಅದೇ ಹೊಸ ಕಲ್ಲಿಗೆ ತಿರುಳಾಗುತ್ತದೆ. ಕಲ್ಲು ತೆಗೆಯಲು ಇಟ್ಟ ವಸ್ತುವೇ ಕಲ್ಲಿಗೆ ಕಾರಣವಾಗುವ ಈ ವಿಪರ್ಯಾಸವನ್ನು ತಪ್ಪಿಸಲು ಬೇಕಾಗಿರುವುದು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು ಮಾತ್ರ. ಎಷ್ಟು ಸ್ಟೆಂಟ್ ಇಟ್ಟರು, ಯಾವ ಬಗೆಯವು, ಎಂದು ತೆಗೆಯಬೇಕು ಎಂಬುದನ್ನು ಬಿಡುಗಡೆ ಪತ್ರದಲ್ಲಿ ಬರೆಯಿಸಿಕೊಂಡು ಬರುವುದು ಕ್ಷೇಮ. ಪಿತ್ತರಸವನ್ನು ತೆಳುವಾಗಿಸಲೆಂದು ಕೊಡುವ ಉರ್ಸೊಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆ ಸ್ಟೆಂಟ್ ಬದಲಾವಣೆಗೆ ಪರ್ಯಾಯವಲ್ಲ.

ಘಟ್ಟ ಇಳಿಯುವುದೋ, ಬಯಲಿಗೆ ಹೋಗುವುದೋ

ಕಸಿ ಮಾಡಿದ ಕೇಂದ್ರಕ್ಕೇ ಹೋಗುವುದು ಉತ್ತಮ, ಏಕೆಂದರೆ ನಾಳ ಹೇಗೆ ಜೋಡಿಸಿದೆ ಎಂಬುದು ಅವರಿಗೇ ಗೊತ್ತು. ಆದರೆ ಜ್ವರದಿಂದ ನಡುಗುತ್ತಿರುವವರನ್ನು ರಾತ್ರಿಯಿಡೀ ಬೆಂಗಳೂರಿಗೆ ಸಾಗಿಸುವುದು ಜಾಣತನವಲ್ಲ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ., ಯಲ್ಲಾಪುರದಿಂದ ಸುಮಾರು 70 ಕಿ.ಮೀ. ಸಿದ್ದಾಪುರದವರಿಗೆ ಸಾಗರದ ಮೇಲೆ ಶಿವಮೊಗ್ಗ ನೂರು ಕಿ.ಮೀ. ಆಸುಪಾಸು. ಘಟ್ಟ ಇಳಿದು ಕರಾವಳಿ ಹಿಡಿದರೆ ಮಣಿಪಾಲದ ಕಸ್ತೂರಬಾ ಆಸ್ಪತ್ರೆ, ಹುಬ್ಬಳ್ಳಿ ದಾಟಿದರೆ ಬೆಳಗಾವಿಯ ಕೆಎಲ್‌ಇ ಡಾ. ಪ್ರಭಾಕರ ಕೋರೆ ಆಸ್ಪತ್ರೆ. ಎರಡರಲ್ಲೂ ಜಠರ ಕರುಳು ತಜ್ಞರ ವಿಭಾಗಗಳಿವೆ. ಊರಿನ ಆಸ್ಪತ್ರೆಯಲ್ಲಿ ರಕ್ತ ತೆಗೆದು ಕಲ್ಚರ್‌ಗೆ ಕಳುಹಿಸಿ, ಆಂಟಿಬಯೋಟಿಕ್ ಮತ್ತು ಡ್ರಿಪ್ ಆರಂಭಿಸಿ, ಹತ್ತಿರದ ಕೇಂದ್ರದಲ್ಲಿ ಪಿತ್ತರಸ ಹರಿಯುವಂತೆ ಮಾಡಿಸಿಕೊಂಡು, ಸ್ಥಿತಿ ಸುಧಾರಿಸಿದ ಮೇಲೆ ಕಸಿ ಕೇಂದ್ರಕ್ಕೆ ಹೋಗುವುದು ಸುರಕ್ಷಿತ ಕ್ರಮ. ಆಂಟಿಬಯೋಟಿಕ್ ಆಯ್ಕೆಗೆ ಮುನ್ನ ಕಸಿ ವೈದ್ಯರೊಡನೆ ಒಂದು ಮಾತು ಆಡುವುದು ಒಳಿತು. ಕ್ಲಾರಿಥ್ರೊಮೈಸಿನ್ ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸುತ್ತದೆ, ರಿಫಾಂಪಿಸಿನ್ ಇಳಿಸುತ್ತದೆ. ಮೈಕೈ ನೋವಿಗೆ ಅಂಗಡಿಯ ನೋವಿನ ಮಾತ್ರೆ ನುಂಗುವುದು ಮೂತ್ರಪಿಂಡಕ್ಕೆ ಕುತ್ತು.

ದಾರಿಯ ಕಷ್ಟ ಜಿಲ್ಲೆಗೆ ಹೊಸತಲ್ಲ. ಜುಲೈ 2021ರ ಮಳೆಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದಾಗ, ಗುಳ್ಳಾಪುರದ ಸೇತುವೆ ಕೊಚ್ಚಿಹೋದಾಗ ಆ ಭಾಗದ ಹಳ್ಳಿಗಳ ಸಂಪರ್ಕವೇ ತಪ್ಪಿತ್ತು. ಜುಲೈ 2022ರಲ್ಲಿ ಹೊನ್ನಾವರದಿಂದ ಕುಂದಾಪುರದತ್ತ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಮೃತಪಟ್ಟ ಮೇಲೆ, ಉತ್ತರ ಕನ್ನಡಕ್ಕೆ ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಬೇಡಿಕೆ ಆಂದೋಲನದ ರೂಪ ಪಡೆಯಿತು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದ್ದರೂ ಘಟ್ಟದ ಮೇಲಿನವರಿಗೆ ಅದು ಹುಬ್ಬಳ್ಳಿಗಿಂತ ಹತ್ತಿರವೇನಲ್ಲ.

ಖರ್ಚಿನ ವಿಷಯದಲ್ಲಿ, ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಅಂಗಾಂಗ ಕಸಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ರಾಜ್ಯ ಸರ್ಕಾರದ ನೆರವಿದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ ಕರುಳು ವಿಜ್ಞಾನ ಮತ್ತು ಅಂಗಾಂಗ ಕಸಿಗೆಂದೇ ಸರ್ಕಾರಿ ಸಂಸ್ಥೆಯೂ ಇದೆ. ಕಸಿಯ ನಂತರದ ಇಆರ್‌ಸಿಪಿ, ಸ್ಟೆಂಟ್ ಬದಲಾವಣೆಗಳು 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬರುತ್ತವೆಯೇ ಎಂಬುದನ್ನು ಪ್ರತಿ ಸಲವೂ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು. ಮೃತ ದಾನಿಗಳ ಅಂಗ ಹಂಚಿಕೆಯನ್ನು ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯ ವ್ಯಾಪ್ತಿಯಲ್ಲಿ 2023ರಲ್ಲಿ ರಾಜ್ಯದಿಂದ 178 ಮೃತ ದಾನಿಗಳ ಅಂಗಗಳು ದೊರೆತವು. ಈ ಸಂಖ್ಯೆ ಏರಿದಂತೆ ಇಡೀ ಯಕೃತ್ತು ಪಡೆಯುವವರು ಹೆಚ್ಚುತ್ತಾರೆ. ಕಿರುನಾಳಗಳನ್ನು ಹೊಲಿಯುವ ಅನಿವಾರ್ಯತೆ ಅಷ್ಟರಮಟ್ಟಿಗೆ ತಗ್ಗುತ್ತದೆ.

ಸ್ಟೆಂಟ್ ಬದಲಿಸುವ ದಿನ ಜುಲೈ, ಆಗಸ್ಟ್ ತಿಂಗಳಲ್ಲಿ ಬೀಳುವಂತಿದ್ದರೆ ಅದನ್ನು ಮೇ ಕೊನೆಗೆ ಹಿಂದೆ ತರಲು ವೈದ್ಯರನ್ನು ಕೇಳಬಹುದು. ಮಳೆಗಾಲದ ರಸ್ತೆ ತಿಳಿದವರು ಯಾರೂ ಈ ಕೋರಿಕೆಗೆ ನಗಲಾರರು. ಕಸಿಯ ಶಸ್ತ್ರಚಿಕಿತ್ಸೆಯ ವಿವರ, ಇತ್ತೀಚಿನ ಎಂಆರ್‌ಸಿಪಿ ವರದಿ, ಔಷಧಗಳ ಪಟ್ಟಿ ಮತ್ತು ಕಸಿ ಘಟಕದ ಸಂಯೋಜಕರ ದೂರವಾಣಿ ಸಂಖ್ಯೆ ಒಂದೇ ಕಡತದಲ್ಲಿ, ಮನೆಯವರೆಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇರಲಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಆ ಸಂಖ್ಯೆಗೆ ಅದೇ ರಾತ್ರಿ ಕರೆ ಮಾಡಬೇಕು, ಬೆಳಗಾಗುವವರೆಗೆ ಕಾಯಬಾರದು.